ಅಣ್ಣನ ಟ್ರಂಕು ನನ್ನ ಜೊತೆ ಹೊರಟಿದೆ

ಅಂಬರೀಶಣ್ಣ,

ನೀನು ಡೈರಿಗೆ ಹಾಲು ಹಾಕಿ ಬರೋಷ್ಟರಲ್ಲಿ ನಾನು ಏರ್‌ಪೋರ್ಟ್ ಸೇರಿರ್ತೀನಿ. ತೂಬಗೆರೇಲಿ ಯಾರಾದ್ರೂ ಕೇಳಿದ್ರೆ ಓಡಿಹೋದ್ಲು ಅನ್ಬೇಡ. ಮಿಲಿಟರಿ ಆಸ್ಪತ್ರೆಗೆ ನರ್ಸಿಂಗ್ ಆಫೀಸರ್ ಆಗಿ ಹೋದ್ಲು ಅನ್ನು. ಬಾಯಿ ನೋಯೋದಿಲ್ಲ.

ನಿನ್ನ ಕಪ್ಪು ಟ್ರಂಕು ತಗೊಂಡಿದ್ದೀನಿ. ಮುಚ್ಚಳದ ಮೇಲಿದ್ದ ‘ಸಿಪಾಯಿ ಅಂಬರೀಶ್’ ಮೇಲೆ ಬಣ್ಣ ಬಳಿದು ‘ಲೆಫ್ಟಿನೆಂಟ್ ಮಮತ’ ಅಂತ ಬರೆದೆ. ರಜ ಮುಗಿದ ಮೇಲೆ ನೀನು ಅಪ್ಪನ ಸೂಟ್‌ಕೇಸ್ ತಗೊಂಡು ಹೋಗು. ಜಿಪ್ಪು ಕಿತ್ತೋಗಿದೆ, ಹಗ್ಗ ಕಟ್ಕೋ.

ಅಮ್ಮನ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿದೆ. ಇವತ್ತಿಂದ ನೀನೇ ಕೊಡ್ಬೇಕು, ಹೊರಡೋದ್ರೊಳಗೆ ಅಪ್ಪನಿಗೂ ಕಲಿಸು. ಊಟಕ್ಕೆ ಮುಂಚೆ, ಹೊಟ್ಟೆಗೆ. ದಿನಾ ಒಂದೇ ಜಾಗಕ್ಕೆ ಚುಚ್ಚಬೇಡ, ಗಂಟು ಕಟ್ಟುತ್ತೆ. ಚುಚ್ಚೋಕೆ ಭಯ ಆದ್ರೆ, ನಿನ್ನೆ ನೆಂಟರ ಮುಂದೆ “ಸೂಜಿ ಚುಚ್ಚೋಳಿಗೆಲ್ಲ ನಾನು ಸೆಲ್ಯೂಟ್ ಹೊಡೀಬೇಕಾ?” ಅಂದ್ಯಲ್ಲ, ಅದನ್ನ ನೆನೆಸ್ಕೋ.

ಹೊಡೀಬೇಡ ಬಿಡು, ನಾನೇನೂ ಕಾಯ್ಕೊಂಡು ಕೂತಿಲ್ಲ. ಆದ್ರೆ ಯಾವತ್ತಾದ್ರೂ ಗಾಯ ಮಾಡ್ಕೊಂಡು, ಬಿಡ್ತು ಅನ್ನು, ನನ್ನ ವಾರ್ಡಿಗೆ ಬಂದ್ರೆ ಅಲ್ಲಾಡದೆ ಮಲಗಿರ್ಬೇಕು.

ಅದು ಆರ್ಡರ್.

ಮಮತ