ಹೆಸರು ಕೂಗುವ ಕೆಲಸ

ಅಕ್ಟೋಬರ್ 9, ಬುಧವಾರ

ಅಂಚೆ ಡಬ್ಬಿಯಲ್ಲಿ ಇವತ್ತು ಹದಿನಾಲ್ಕು ಕರಪತ್ರ. ಆ ಪಕ್ಷ ಗೆದ್ದರೆ ದೇಶ ಮುಳುಗುತ್ತದೆ ಅಂತ ಏಳು, ಈ ಪಕ್ಷ ಗೆದ್ದರೆ ಮುಳುಗುತ್ತದೆ ಅಂತ ಏಳು. ಒಟ್ಟಿನಲ್ಲಿ ಮುಳುಗುವುದು ಗ್ಯಾರಂಟಿ. ಒಲೆ ಹೊತ್ತಿಸಲು ಆಗುತ್ತದೆ ಎಂದು ಎತ್ತಿಟ್ಟೆ... ಹೊಳಪು ಕಾಗದ, ಹೊಗೆಯೇ ಹೆಚ್ಚು.

ಹತ್ತು ಗಂಟೆಗೆ ಅಣ್ಣನ ಮನೆ. ಆಕ್ಸಿಜನ್ ಮೆಷಿನ್ನಿನ ಫಿಲ್ಟರ್ ತೊಳೆದೆ. ಆಲೂಗಡ್ಡೆ ಸೂಪು ಅರ್ಧ ಬಟ್ಟಲು ಕುಡಿದ. ಟಿವಿ ಹಾಕಲು ಹೋದರೆ ಬೇಡ ಎಂದ.

"ಫುಟ್‌ಬಾಲ್ ನೋಡೋಣ ಅಂದ್ರೂ ಮಧ್ಯ ಮಧ್ಯ ಎಲೆಕ್ಷನ್ ಜಾಹೀರಾತು, ಅದೇ ಬೈಗುಳ. ನೆಮ್ಮದಿಯಾಗಿ ಸಾಯೋಕೂ ಬಿಡಲ್ಲ ಇವ್ರು."

ಅವನ ಮಗ ಡ್ವೇನ್ ಕೆಂಪು ಪಕ್ಷ, ಮಗಳು ರೆನೇ ನೀಲಿ ಪಕ್ಷ. ನಾಲ್ಕು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅಪ್ಪನನ್ನು ನೋಡಲೂ ಸರದಿ — ಡ್ವೇನ್‌ಗೆ ಭಾನುವಾರ, ರೆನೇಗೆ ಗುರುವಾರ. ತಪ್ಪಿ ಅವಳ ಕಾರು ಅಂಗಳದಲ್ಲಿ ಕಂಡರೆ ಇವನು ಟ್ರಕ್ ತಿರುಗಿಸಿಕೊಂಡು ಹೋಗುತ್ತಾನೆ.

ಅಕ್ಟೋಬರ್ 13, ಭಾನುವಾರ

ಚರ್ಚಿನಲ್ಲಿ ಕಾಫಿಗೆ ಈಗ ಎರಡು ಮೇಜು. ಯಾರೂ ಬೋರ್ಡು ಹಾಕಿಲ್ಲ, ಎಲ್ಲರಿಗೂ ಗೊತ್ತು. ನಾನು ಕಾಫಿ ಲೋಟ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದೆ. ಕೆಂಪು ಮೇಜಿನಿಂದ ಗಾರ್ವಿನ್ ಕೂಗಿದ:

"ಇನ್ನೂ ಎರಡು ದೋಣೀಲಿ ಕಾಲಿಟ್ಕೊಂಡೇ ಇದೀಯಾ ಆರ್ಲಿಸ್?"

"ಎರಡೂ ತೂತಪ್ಪ. ನಾನು ದಡದಲ್ಲೇ ಇದೀನಿ."

ನಗಲಿಲ್ಲ ಯಾರೂ. ಮೊದಲಾಗಿದ್ದರೆ ನಗುತ್ತಿದ್ದರು. ನೀಲಿ ಮೇಜಿನಿಂದ ಡೋರ್ಕಸ್ ತಿರುಗಿ, "ಈ ಸಲ ಸುಮ್ನಿರೋದೂ ಒಂದು ಪಕ್ಷಾನೇ ಕಣೆ" ಎಂದಳು. ಮೆತ್ತಗೆ ಹೇಳಿದಳು. ಚುಚ್ಚಿತು.

ಇವರಿಬ್ಬರ ಜೊತೆಗೇ ಎಲೆಕ್ಷನ್ ದಿನ ಟೌನ್ ಹಾಲಿನ ಮತಗಟ್ಟೆಯಲ್ಲಿ ಕೂರಬೇಕು, ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ. ಗಾರ್ವಿನ್ ಕೆಂಪು ಪಕ್ಷ ಕಳಿಸಿದವನು, ಡೋರ್ಕಸ್ ನೀಲಿ ಪಕ್ಷ ಕಳಿಸಿದವಳು. ನಾನು ಯಾರೂ ಕಳಿಸದವಳು. ಅದಕ್ಕೇ ಮುಖ್ಯಾಧಿಕಾರಿ. ಇಪ್ಪತ್ತೆರಡು ವರ್ಷವಾಯಿತು. ಮೊದಲೆಲ್ಲ ಡೋರ್ಕಸ್ ಕೇಕು ತರುತ್ತಿದ್ದಳು, ಗಾರ್ವಿನ್ ಎರಡೆರಡು ತುಂಡು ತಿನ್ನುತ್ತಿದ್ದ. ಈ ಆಗಸ್ಟಿನ ಸಣ್ಣ ಎಲೆಕ್ಷನ್ನಿಗೆ ಇಬ್ಬರೂ ಬೇರೆ ಬೇರೆ ಊಟದ ಡಬ್ಬಿ ತಂದರು.

ಅಕ್ಟೋಬರ್ 16, ಬುಧವಾರ

ಅಣ್ಣನ ಓಟಿನ ಕಾಗದ ಅಂಚೆಯಲ್ಲಿ ಬಂದಿತ್ತು. ಮನೆಯಲ್ಲಿ ಕೂತು ಓಟು ಹಾಕಲು ಸಾಕ್ಷಿ ಬೇಕು. ಮಗನನ್ನು ಕರೆದರೆ ಮಗಳಿಗೆ ಸಿಟ್ಟು, ಮಗಳನ್ನು ಕರೆದರೆ ಮಗನಿಗೆ. ಹಾಗಾಗಿ ನಾನೇ.

ಕಪ್ಪು ಪೆನ್ನು ಕೈಗೆ ಕೊಟ್ಟು ಕಿಟಕಿ ಕಡೆ ತಿರುಗಿ ನಿಂತೆ. ಪಕ್ಕದ ಹೊಲದಲ್ಲಿ ಜೋಳದ ಕಟಾವು. ಮೆಷಿನ್ ಆ ತುದಿಗೆ ಹೋಗಿ ಬಂತು, ಮತ್ತೆ ಹೋಗಿ ಬಂತು. ಹಿಂದೆ ಪೆನ್ನಿನ ಸದ್ದೇ ಇಲ್ಲ.

"ಸುಸ್ತಾಯ್ತಾ ಅಣ್ಣಾ?"

"ಕೆಳಗಿಂದು ಎಲ್ಲಾ ಮುಗೀತು. ಶೆರಿಫು, ಸ್ಕೂಲ್ ಕಮಿಟಿ, ಎಲ್ಲಾ. ಮೇಲಿನ ಸಾಲು ಒಂದೇ, ಅಧ್ಯಕ್ಷರದ್ದು." ಉಸಿರು ಎಳೆದುಕೊಂಡ. "ಐವತ್ತೆರಡು ವರ್ಷ ಹಾಕಿದೀನಿ ಆರ್ಲಿಸ್. ಒಂದ್ಸಲ ಅವ್ರಿಗೆ, ಒಂದ್ಸಲ ಇವ್ರಿಗೆ. ಮನುಷ್ಯನ್ನ ನೋಡಿ ಹಾಕ್ತಿದ್ದೆ. ಈಗ ನೋಡ್ಬೇಡ, ಹಾಕು ಅಂತಾರೆ."

ಇನ್ನೂ ಹತ್ತು ನಿಮಿಷ. ಆಮೇಲೆ ಕಾಗದ ಮಡಚಿದ ಸದ್ದು. ಏನು ಮಾಡಿದನೋ, ನಾನು ನೋಡಲಿಲ್ಲ, ಅವನು ಹೇಳಲಿಲ್ಲ. ಕವರ್ ಅಂಟಿಸಿ ಸಹಿ ಮಾಡಿದ. ಕೆಳಗೆ ನನ್ನ ಸಹಿ, ವಿಳಾಸ.

"ಲೆಕ್ಕಕ್ಕೆ ಸೇರುತ್ತೆ ತಾನೆ? ಇದೇ ಕೊನೇದು."

"ಸೇರುತ್ತೆ."

"ಮಾತು ಕೊಡು."

ಕೊಟ್ಟೆ. ಓಟು ಹಾಕಿದವನು ಎಲೆಕ್ಷನ್ ದಿನ ಬದುಕಿರಬೇಕು, ಇಲ್ಲದಿದ್ದರೆ ಕವರ್ ಬಿಚ್ಚುವ ಹಾಗಿಲ್ಲ — ನಮ್ಮ ರಾಜ್ಯದ ನಿಯಮ. ಪ್ರತಿ ವರ್ಷ ತರಬೇತಿಯಲ್ಲಿ ಹೇಳುತ್ತಾರೆ. ಹೇಳಲು ಬಾಯಿ ಬರಲಿಲ್ಲ ನನಗೆ. ಇನ್ನು ಇಪ್ಪತ್ತು ದಿನ. ಅಲ್ಲಿಯವರೆಗೆ ಎಳೆದಾನು.

ಅಕ್ಟೋಬರ್ 20, ಭಾನುವಾರ

ಡ್ವೇನ್ ಬಂದಿದ್ದ. ಅಪ್ಪ ನಿದ್ದೆಯಲ್ಲಿದ್ದ. ಇವನು ಬಾಗಿಲಲ್ಲೇ ಶುರು.

"ಅಪ್ಪ ಓಟು ಕಳಿಸಿದ್ನಂತೆ. ನಮಗೇ ಹಾಕಿರ್ತಾನೆ ಬಿಡಿ. ಆದ್ರೆ ಏನು ಪ್ರಯೋಜನ ಅತ್ತೆ, ಅವ್ರು ಸತ್ತೋರ ಹೆಸರಲ್ಲೆಲ್ಲಾ ಓಟು ಹಾಕಿಸ್ತಾರೆ."

"ನಮ್ಮ ಟೌನ್ ಹಾಲಲ್ಲಿ ಒಂದೊಂದು ಕವರೂ ಎತ್ತಿ ಹೆಸರು ಕೂಗೋಳು ನಾನು. ನಾನು ಹಾಕಿಸಿದೀನಾ?"

"ನಿಮಗೆ ಗೊತ್ತಾಗದ ಹಾಗೆ ಮಾಡ್ತಾರೆ."

ಎತ್ತಿ ಬೆಳೆಸಿದ ಹುಡುಗ. ಅವನಿಗೆ ಸೈಕಲ್ ಕಲಿಸಿದವಳು ನಾನು.

ಅಕ್ಟೋಬರ್ 24, ಗುರುವಾರ

ರೆನೇ. ಅಪ್ಪನಿಗೆ ಉಣ್ಣೆಯ ಕಾಲುಚೀಲ ತಂದಿದ್ದಳು. ಪಾದ ಊದಿ ಹತ್ತಲಿಲ್ಲ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅಪ್ಪ ನಮಗೇ ಹಾಕಿರೋದು, ನಂಗೆ ಗೊತ್ತು" ಎಂದಳು. ಆ ಕಡೆಯವರಿಗೆ ಕಾನೂನು ಅಂದರೆ ಕಾಲ ಕೆಳಗಿನ ಕಸ, ನಿಯಮ ಅಂದರೆ ನಿಯಮ ಅನ್ನುವ ಜನ ಇನ್ನು ಉಳಿದಿರುವುದು ನಾವಷ್ಟೇ — ಹೀಗೇ ಮುಕ್ಕಾಲು ಗಂಟೆ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತು.

ಅಕ್ಟೋಬರ್ 29, ಮಂಗಳವಾರ

ಅಣ್ಣ ಹೋದ. ಬೆಳಿಗ್ಗೆ ಆರೂ ಹತ್ತು. ನಾನೊಬ್ಬಳೇ ಇದ್ದೆ.

ನವೆಂಬರ್ 3, ಭಾನುವಾರ

ನಿನ್ನೆ ಮಣ್ಣಾಯಿತು. ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಉಪ್ಪಿನಕಾಯಿ, ಕಾಫಿ. ಗಾರ್ವಿನ್, ಡೋರ್ಕಸ್ ಇಬ್ಬರೂ ಬಂದು ಕೈ ಹಿಡಿದು ಹೋದರು. ಮಕ್ಕಳು ಮುಂದಿನ ಬೆಂಚಿನ ಆ ತುದಿ ಒಬ್ಬ, ಈ ತುದಿ ಒಬ್ಬಳು. ನಡುವೆ ನಾನು.

ಇವತ್ತು ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಇಬ್ಬರೂ. ಒಟ್ಟಿಗೆ! ಸಾವು ಇಷ್ಟಾದರೂ ಮಾಡಿತಲ್ಲ ಎಂದುಕೊಂಡು ಕಾಫಿಗೆ ನೀರಿಟ್ಟೆ. ಕೋಟು ಬಿಚ್ಚಲಿಲ್ಲ ಇಬ್ಬರೂ.

"ಅಪ್ಪನ ಓಟಿನ ವಿಷ್ಯ ಅತ್ತೆ," ಡ್ವೇನ್.

"ನೀವು ಏನೂ ಮಾಡ್ಬೇಕಾಗಿಲ್ಲ. ಹೆಸರು ಕೂಗಿ, ಸುಮ್ನಿದ್ಬಿಡಿ," ರೆನೇ.

"ಸತ್ತೋರ ಓಟು ಅಂತ ಊರೆಲ್ಲಾ ಕೂಗಾಡ್ತಿದ್ದೋನು ನೀನೇ ಅಲ್ವೇನೋ?"

"ಅದು ಬೇರೆ, ಇದು ಬೇರೆ. ಅಪ್ಪ ಬದುಕಿದ್ದಾಗಲೇ ಹಾಕಿದ್ದಾನೆ."

"ನಿಯಮ ಅಂದ್ರೆ ನಿಯಮ ಅಂದೋಳು ನೀನಲ್ವಾ ರೆನೇ?"

"ಅತ್ತೆ, ಒಂದೊಂದು ಓಟಿಗೂ ಬೆಲೆ ಇದೆ ಈ ಸಲ. ಅಪ್ಪನ ಕೊನೇ ಆಸೆ ಅದು. ನೀವೇ ಮಾತು ಕೊಟ್ಟಿದ್ರಿ ಅಂತ ಅಪ್ಪ ನಂಗೆ ಹೇಳಿದ್ರು."

ಹೌದು. ಕೊಟ್ಟಿದ್ದೆ.

ಆ ಓಟು ಸೇರಲೇಬೇಕು ಎಂದು ಇಬ್ಬರೂ ತಲೆ ಆಡಿಸಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಒಂದೇ ಮಾತಿಗೆ ಇಬ್ಬರ ತಲೆ ಆಡಿದ್ದು. ಅಪ್ಪ ನನ್ನ ಕಡೆಯವನು ಎಂದು ಇಬ್ಬರಿಗೂ ಅಷ್ಟು ಖಾತ್ರಿ. ಹೊರಡುವಾಗ ಒಬ್ಬರಿಗೊಬ್ಬರು ಹೋಗಿಬರ್ತೀನಿ ಅನ್ನಲಿಲ್ಲ. ಕಾಫಿ ಹಾಗೇ ಉಳಿಯಿತು.

ನವೆಂಬರ್ 4, ಸೋಮವಾರ

ನಿದ್ದೆ ಇಲ್ಲ. ಸುಮ್ಮನಿದ್ದರೆ ಏನಾಗುತ್ತದೆ? ಅವನದೇ ಕೈ, ಅವನದೇ ಪೆನ್ನು. ಕಳ್ಳತನ ಏನಿದೆ ಇದರಲ್ಲಿ. ಹೀಗೆ ಬೆಳಗಿನವರೆಗೂ ವಾದ ಮಾಡಿದೆ, ನನ್ನ ಜೊತೆಗೇ. ಪ್ರತಿ ಸಲ ನಾನೇ ಗೆದ್ದೆ, ಆದರೂ ಎದೆ ಹಗುರಾಗಲಿಲ್ಲ. ಅಣ್ಣನ ಸಾವಿನ ಸುದ್ದಿ ಇದ್ದ ಪತ್ರಿಕೆ ತುಂಡು ಕತ್ತರಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ತೆಗೆಯುತ್ತೇನೋ ಇಲ್ಲವೋ.

ನವೆಂಬರ್ 5, ಮಂಗಳವಾರ, ಬೆಳಿಗ್ಗೆ 11.40

ಟೌನ್ ಹಾಲಿನ ಹಿಂದಿನ ಕೋಣೆ. ಊಟದ ಬಿಡುವು.

ಒಂಬತ್ತೂವರೆಗೆ ಓಟು ಹಾಕುವವರ ಸಾಲು ಕರಗಿತು. ಅಂಚೆಯ ಕವರುಗಳನ್ನು ತೆಗೆದುಕೊಂಡೆವು. ಒಂದೊಂದೇ ಕವರ್ ಎತ್ತಿ, ಹೆಸರು ಗಟ್ಟಿಯಾಗಿ ಕೂಗಬೇಕು. ಯಾರದಾದರೂ ತಕರಾರಿದೆಯೇ ಎಂದು ಕಾಯಬೇಕು. ಇಲ್ಲದಿದ್ದರೆ ಬಿಚ್ಚಿ ಕಾಗದ ಎಣಿಕೆ ಮೆಷಿನ್ನಿಗೆ. ನಲವತ್ತೊಂದನೆಯದು ಅಣ್ಣನದು. ಕೆಳಗೆ ನನ್ನದೇ ಸಹಿ.

"ಡೆಲ್ಮರ್ ಹಾಕನ್ಸನ್."

ಗಾರ್ವಿನ್ ಸೂರು ನೋಡಿದ. ಡೋರ್ಕಸ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಶನಿವಾರ ನನ್ನ ಕೈ ಹಿಡಿದು ಸಮಾಧಾನ ಹೇಳಿದವರು. ಅಣ್ಣನ ಶವದ ಮುಂದೆ ನಿಂತವರು. ಒಂದು ಮಾತಿಲ್ಲ. ಇಬ್ಬರ ಮುಖದಲ್ಲೂ ಅದೇ — ಡೆಲ್ ನಮ್ಮ ಕಡೆಯವನು, ಹೋಗಲಿ ಒಳಗೆ.

ಕಾದೆ. ಯಾರಾದರೂ ಹೇಳಲಿ ದೇವರೇ, ನನ್ನ ಬಾಯಿಂದ ಬೇಡ ಎಂದು ಕಾದೆ.

"ತಕರಾರಿದೆ," ಎಂದೆ. "ತೀರಿಕೊಂಡಿದ್ದಾರೆ. ಅಕ್ಟೋಬರ್ 29."

ಪತ್ರಿಕೆ ತುಂಡು ಮೇಜಿನ ಮೇಲಿಟ್ಟೆ. ಕವರಿನ ಮೇಲೆ 'ತಿರಸ್ಕೃತ' ಎಂದು ಬರೆದೆ, ನನ್ನ ಕೈಯಾರೆ.

"ಯಾರೂ ಕೇಳ್ತಿರಲಿಲ್ಲ ಆರ್ಲಿಸ್," ಗಾರ್ವಿನ್ ಮೆಲ್ಲಗೆ.

"ನಿನಗ್ಯಾಕೆ ಬೇಕಿತ್ತು," ಡೋರ್ಕಸ್.

ಇಬ್ಬರೂ ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು. ನಲವತ್ತೆರಡನೆಯ ಹೆಸರು ಕೂಗಿದೆ.

ನವೆಂಬರ್ 6, ಬುಧವಾರ, ಬೆಳಿಗ್ಗೆ 8

ಏಳೂಕಾಲಿಗೆ ರೆನೇ ಫೋನು; ಟೌನ್ ಹಾಲಿನ ಸುದ್ದಿ ಆಗಲೇ ಮುಟ್ಟಿತ್ತು. ಗೆಲುವು ಸೋಲಿನ ಮಾತೇ ಇಲ್ಲ. "ಆ ಕವರ್ ಬಿಚ್ಚಿ ನೋಡೋಕೆ ಏನಾದ್ರೂ ದಾರಿ ಇದ್ಯಾ ಅತ್ತೆ? ಯಾರಿಗೆ ಹಾಕಿದ್ರು ಅಂತ ಗೊತ್ತಾದ್ರೆ ಸಾಕು." ಇಲ್ಲ ಎಂದೆ. "ಹಾಗಾದ್ರೆ ನೀವು ಅವ್ರ ಕಡೆನೇ." ಇಟ್ಟುಬಿಟ್ಟಳು. ಹತ್ತು ನಿಮಿಷಕ್ಕೆ ಡ್ವೇನ್. ಅದೇ ಪ್ರಶ್ನೆ, ಅದೇ ಉತ್ತರ. ಅವನೂ ನಾನು ಅವರ ಕಡೆಯವಳು ಎಂದ. ಇನ್ನು ಮನೆಗೆ ಬರುವುದಿಲ್ಲವಂತೆ.

ಎಂಟು ದಿನವಾಯಿತು. ಕವರಿನಲ್ಲಿ ಏನಿತ್ತು ಎಂದು ಇಬ್ಬರೂ ಕೇಳಿದರು. ಅಪ್ಪ ಕೊನೆಗೆ ಏನೆಂದ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ಹೇಳುತ್ತಿದ್ದೆನೇ... ಗೊತ್ತಿಲ್ಲ. ಅಣ್ಣ ಹೋದ ದಿನ ನಸುಕಿನಲ್ಲೇ ಇಬ್ಬರಿಗೂ ಫೋನ್ ಮಾಡಿದ್ದೆ, ಬೇಗ ಬನ್ನಿ ಎಂದು. ಅವಳು ಇದ್ದಾಳಾ ಎಂದು ಅವನು ಕೇಳಿದ. ಅವನು ಇದ್ದಾನಾ ಎಂದು ಅವಳು. ಆರು ಗಂಟೆಗೆ ಅಣ್ಣ ಕಣ್ಣು ಬಿಟ್ಟ.

"ಇಬ್ರೂ ಬಂದ್ರಾ?"

ಬಂದಿದ್ದಾರೆ ಎಂದೆ. ಅಡುಗೆಮನೆಯಲ್ಲಿ ಕೂತಿದ್ದಾರೆ, ಒಟ್ಟಿಗೆ ಕಾಫಿ ಕುಡಿಯುತ್ತಿದ್ದಾರೆ ಎಂದೆ. ಅಣ್ಣ ನಕ್ಕ. ಎಷ್ಟು ದಿನವಾಗಿತ್ತು ಅವನು ನಕ್ಕು.

"ಕರಿ ಅವ್ರನ್ನ," ಎಂದ.

ಎದ್ದೆ. ಅಡುಗೆಮನೆಗೆ ಹೋದೆ. ಖಾಲಿ ಮೇಜು. ಅಲ್ಲೇ ನಿಂತು, ಅವನಿಗೆ ಕೇಳಲಿ ಎಂದು ಗಟ್ಟಿಯಾಗಿ, ಡ್ವೇನ್ — ರೆನೇ — ಎಂದು ಹೆಸರು ಕೂಗಿದೆ.