ಯಾವ ಕಾಲು?

ಹೊಸನಗರ
೯-೧೧-೧೯೬೭

ಗಿರಿಯಾ,

ಆಶೀರ್ವಾದ ಕಾಗದದ ಕೊನೆಗಿದೆ. ಅಲ್ಲಿಯವರೆಗೆ ಬೈಗುಳ ತಿನ್ನು. ಕೂತು ಓದುತ್ತಿದ್ದರೆ ಎದ್ದು ನಿಲ್ಲು. ಇನ್ನೊಬ್ಬನ ಕಾಲು ಮುರಿದವನಿಗೆ ತನ್ನ ಕಾಲ ಮೇಲೆ ನಿಲ್ಲುವುದೇನು ಕಷ್ಟ?

ನಿನ್ನ ಕಾಗದ ದಸರೆಗೆ ಮೊದಲೇ ಬಂತು. ಉತ್ತರ ತಡವಾಗಿದ್ದು ನನ್ನದೇ ತಪ್ಪು. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದು. ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಹೆಣ್ಣುಗರು ಹಾಕಿದೆ.

ನೀನು ಕಳಿಸಿದ ಪೇಪರಿನ ತುಂಡು ಇಂಗ್ಲಿಷಿನಲ್ಲಿತ್ತು. ಮಂಜುನಾಥಪ್ಪ ಮೇಷ್ಟ್ರನ್ನು ಕರೆಸಿ, ಕಾಫಿ ಕೊಟ್ಟು ಓದಿಸಿದೆ. ಮುಂಬಯಿ ಬಂದರಿನ ತಂಡಕ್ಕೂ ಹಡಗಿನವರ ತಂಡಕ್ಕೂ ಫುಟ್‌ಬಾಲ್ ಪಂದ್ಯ ಅಂತ ಓದಿ ನಿನ್ನ ಹೆಸರು ಹೇಳಿದಾಗ ಹಿಗ್ಗಿದ್ದೂ ನಿಜ. ಆಮೇಲೆ ಹಡಗಿನ ತಂಡದ ಒಬ್ಬನ ಸುದ್ದಿ ಬಂತು. ಎಲ್ರಿಕ್ ಅಂತೆ ಹೆಸರು. ಸಮುದ್ರದ ನಡುವೆ ಟ್ರಿನಿಡಾಡ್ ಅಂತ ಒಂದು ನಡುಗಡ್ಡೆ, ಅಲ್ಲಿಯವನು. ಅಪ್ಪ ಕಬ್ಬು ಕಡಿಯುವವನು. ಬರಿಗಾಲಲ್ಲಿ ಚೆಂಡು ಒದ್ದು ಬೆಳೆದ ಹುಡುಗ ಹದಿನೆಂಟಕ್ಕೆ ದೇಶದ ಅಂಗಿ ತೊಟ್ಟನಂತೆ. ಹತ್ತು ವರ್ಷ ಎಲ್ಲರಿಗಿಂತ ಮುಂದೆ ನಿಂತು ಆಡಿದನಂತೆ. ಜಮೈಕಾದವರ ಮೇಲೆ ಒಂದೇ ಆಟದಲ್ಲಿ ಮೂರು ಗೋಲು ಹೊಡೆದಾಗ ಜನ ಹೆಗಲ ಮೇಲೆ ಹೊತ್ತು ಅವನ ತಾಯಿಯ ಬಾಗಿಲಿಗೇ ತಂದು ಇಳಿಸಿದರಂತೆ. ಆಟ ಹೊಟ್ಟೆ ತುಂಬಿಸಲಿಲ್ಲ, ಹಡಗಿನ ಕೆಲಸಕ್ಕೆ ಸೇರಿದ. ಹಡಗು ಮುಂಬಯಿಗೆ ಬಂತು. ಅಲ್ಲಿ ನೀನಿದ್ದೆ.

ಮೇಷ್ಟ್ರು ಅಲ್ಲಿಗೇ ಪೇಪರು ಮಡಚಿದರು.

"ಎಂತ ಆಯ್ತು ಆಮೇಲೆ?" ಅಂದೆ.

"ಬ್ಯಾಡ ಬಿಡಿ ಹುಲಿಯಮ್ಮ."

"ಕಾಫಿ ಕುಡಿದ್ರಲ್ಲ, ಓದಿ."

ಓದಿದರು. ಅವನು ಆಗಲೇ ಎರಡು ಗೋಲು ಹೊಡೆದಿದ್ದ. ಮೂರನೆಯದಕ್ಕೆ ನುಗ್ಗಿ ಬಂದಾಗ ನೀನು ಚೆಂಡು ಬಿಟ್ಟು ಅವನ ಮೊಣಕಾಲ ಕೆಳಗೆ ಒದ್ದೆಯಂತೆ. ಮುರಿದ ಸದ್ದು ಆಚೆ ಬದಿಯ ಜನಕ್ಕೂ ಕೇಳಿತಂತೆ. ಎಲುಬು ಚರ್ಮ ಹರಿದು, ಕಾಲುಚೀಲ ತೂತು ಮಾಡಿಕೊಂಡು ಹೊರಗೆ ಬಂತಂತೆ. ಬಿದ್ದು ಒದ್ದಾಡುವವನಿಗೆ ಅದೇ ಜಾಗಕ್ಕೆ ಇನ್ನೊಂದು ಒದ್ದೆಯಂತೆ. ನಿನ್ನನ್ನು ಆಟದಿಂದ ಹೊರಗೆ ಹಾಕಿದರು. ಈಗ ಅವನ ಕಾಲಲ್ಲಿ ಕೀವು ತುಂಬಿದೆ, ಕತ್ತರಿಸಬೇಕಾದೀತು ಅನ್ನುತ್ತಾರಂತೆ ಡಾಕ್ಟರು. ಹಡಗು ಅವನನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೊರಟುಹೋಗಿದೆ.

ಆ ಪೇಪರಿನ ಅಂಚಿಗೆ ನೀನು ಬರೆದಿದ್ದೀಯ: "ಅಜ್ಜೀ, ಮೊದಲ ಪೆಟ್ಟು ನಂದೇ! ಅಜ್ಜನ ಮೊಮ್ಮಗ ಅಲ್ವಾ? ನಮ್ಮೋರು ಹಾರ ಹಾಕಿದ್ರು. ಬರೋ ವರ್ಷ ಕ್ಯಾಪ್ಟನ್ ಮಾಡ್ತಾರಂತೆ."

ಹೌದಪ್ಪ, ಹಂದಿ ಬೇಟೆಯಲ್ಲಿ ಮೊದಲ ಪೆಟ್ಟು ಹೊಡೆದವನಿಗೆ ತೊಡೆ ಪಾಲು. ನಿನಗೂ ಅವನ ತೊಡೆ ಕೊಟ್ಟರೋ? ಉಪ್ಪು ಖಾರ ಹಾಕಿ ಉಂಡೆಯಾ? ಪಾಲಿನ ಮಾತು ನೆನಪಿದೆ, ಅದರ ಜೊತೆಗಿನ ಕಟ್ಟಳೆ ಮರೆತೆ. ಗಾಯ ಮಾಡಿದವನು ನೆತ್ತರಿನ ಜಾಡು ಹಿಡಿದು ಹೋಗಬೇಕು. ಮುಳ್ಳಿರಲಿ, ಹಳ್ಳವಿರಲಿ, ಆ ಪ್ರಾಣಿಯ ಎದುರು ಹೋಗಿ ನಿಲ್ಲುವವರೆಗೆ ಅನ್ನ ಮುಟ್ಟುವಂತಿಲ್ಲ. ನಿನ್ನ ಅಜ್ಜ ಜಟ್ಟಪ್ಪನಂಥ ಕಟುಕನೂ ಇದನ್ನು ಮೀರಿದವನಲ್ಲ. ನಿನ್ನ ಕಾಗದದಲ್ಲಿ ಹಾರದ ಸುದ್ದಿ ಇದೆ, ಆಸ್ಪತ್ರೆಯ ಸುದ್ದಿ ಇಲ್ಲ.

ಮೇಷ್ಟ್ರು ಓದುವಾಗ ನಿನ್ನ ಅಪ್ಪ ಕನ್ನಪ್ಪ ಮೆಟ್ಟಿಲ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದ.

"ಯಾವ ಕಾಲು ಮೇಷ್ಟ್ರೇ?"

"ಬಲಗಾಲು ಕಣೋ."

ಹಗ್ಗ ಕೆಳಗಿಟ್ಟು, ತನ್ನ ಸೊಟ್ಟ ಬಲಗಾಲು ಎಳೆದುಕೊಂಡು ಕೊಟ್ಟಿಗೆಗೆ ಹೋದ. ಅವತ್ತು ಉಣ್ಣಲಿಲ್ಲ. ಜಾಡು ಹಿಡಿಯಬೇಕಾದವನು ನೀನು, ಉಪವಾಸ ಬಿದ್ದವನು ಅವನು.

ಹೋಗು ಆಸ್ಪತ್ರೆಗೆ. ಮಂಚದ ಹತ್ತಿರ ನಿಲ್ಲು. ಬೈದರೆ ಬೈಸಿಕೋ, ಹೊಡೆದರೆ ಹೊಡೆಸಿಕೋ. ಅವನ ಭಾಷೆ ಬರುವುದಿಲ್ಲ ಅನ್ನಬೇಡ, ಒದೆಯುವಾಗ ಯಾವ ಭಾಷೆ ಬೇಕಿತ್ತು? ತನ್ನದಲ್ಲದ ಊರಿನಲ್ಲಿ ಒಬ್ಬನೇ ಬಿದ್ದಿದ್ದಾನೆ. ಗಂಜಿಯೋ ಹಾಲೋ ಕೊಂಡುಹೋಗು. ಕ್ಯಾಪ್ಟನ್ ಆಗುವ ಮಾತು ಆಮೇಲೆ.

ನಮ್ಮೂರ ದೇವಿ ಚೌಡಮ್ಮ ಮೊದಲು ಅವನ ಕಾಲು ಕಾಯಲಿ, ಆಮೇಲೆ ನಿನ್ನನ್ನು. ನೂರು ಕಾಲ ಬದುಕು, ಯಾರನ್ನೂ ಕೆಡವದೆ ಬದುಕು.

ನಿನ್ನ ಅಜ್ಜಿ
ಹುಲಿಯಮ್ಮ

ಮತ್ತೊಂದು ಮಾತು. ಒಲೆಗೆ ಹಾಕಿದ ಎರಡು ಕಾಗದದಲ್ಲೂ ಇದೇ ಇತ್ತು. ನಿನ್ನ ಅಪ್ಪ ಹಲಸಿನ ಮರದಿಂದ ಬಿದ್ದು ಕುಂಟನಾದವನಲ್ಲ. ಹದಿಮೂರಕ್ಕೆ ಅವನನ್ನು ಬೇಟೆಗೆ ಕರೆದೊಯ್ದಿದ್ದರು. ಮರಿಗಳ ಜೊತೆ ಬಂದ ತಾಯಿಹಂದಿಯನ್ನು ಕಂಡು ಈಟಿ ಕೆಳಗಿಳಿಸಿಬಿಟ್ಟ. ಊರವರು ನಕ್ಕರು. ಮನೆಗೆ ಬಂದು ನಿನ್ನ ಅಜ್ಜ, "ಮುಂದೆ ಹೋಗ್ದೇ ಇರೋ ಕಾಲು ಎಂತಕ್ಕೆ?" ಅಂದು ಕೊಡಲಿಯ ಹಿಂಬದಿಯಿಂದ ಹೊಡೆದ. ಒಂದೇ ಪೆಟ್ಟು ಅಂದುಕೊಂಡು ಮಗುವಿನ ಹೆಗಲು ಅದುಮಿ ಹಿಡಿದವಳು ನಾನು. ಮೂರು ಹೊಡೆದ. ಊರಿಗೆ ಕೇಳಬಾರದೆಂದು ಮಗುವಿನ ಬಾಯಿಗೆ ಸೆರಗು ತುರುಕಿದವಳೂ ನಾನು, ಮರದ ಕಥೆ ಕಟ್ಟಿದವಳೂ ನಾನು. ಮೂವತ್ತಾರು ವರ್ಷ ಅವನೆದುರು ಹೋಗಿ ನಿಲ್ಲದೆ, ಎರಡೂ ಹೊತ್ತು ಅನ್ನ ಮುಟ್ಟುತ್ತಲೇ ಬಂದೆ. ಇವತ್ತು ಉಂಡಿಲ್ಲ. ಈ ಕಾಗದ ಅಂಚೆಗೆ ಹಾಕಿ ನೇರ ಕೊಟ್ಟಿಗೆಗೆ ಹೋಗುತ್ತೇನೆ, ಅವನು ಅಲ್ಲಿದ್ದಾನೆ. ನೀನು ಹೋಗಿ ನಿಂತೆಯೋ ಇಲ್ಲವೋ ಬರೆ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.