ಹರಿತಾ ಬೇಯಿಸಿದ ಸ್ಟೇಕ್

ಅಂಬಾಜಿದುರ್ಗ
ಸೋಮವಾರ

ಗೌರಿಬಿದನೂರಿನ ಅಕ್ಕನಿಗೆ ತಮ್ಮನ ನಮಸ್ಕಾರ.

ನನ್ನ ಮಗಳು ಹರಿತಾ ಆ ಮಲೇಷಿಯಾ ಊಟದ ಹೋಟೆಲಿನ ಅಡುಗೆ ಕೆಲಸ ಬಿಟ್ಟರೆ ಮಾತ್ರ ನಿನ್ನ ಮುರಳಿಗೆ ತಂದುಕೊಳ್ಳುತ್ತೇನೆ ಅಂದೆಯಲ್ಲ, ಬಿಡಿಸಿ ಕರೆತರಲು ನಿನ್ನೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ.

ಬಾಗಿಲಲ್ಲೇ ಹಲಾಲ್ ಎಂಬ ಬೋರ್ಡು. ನಿನಗೆ ಅದೇ ಅಡ್ಡ. ಆದರೆ ಅಲೀಪುರದ ಮುಸ್ಲಿಂ ಸ್ನೇಹಿತರೂ ನಮ್ಮ ಪಂಕ್ತಿಯಲ್ಲಿ ಉಣ್ಣಲೆಂದು, ಮನೆ ಹಬ್ಬದ ಕುರಿ ಕೊಯ್ಯಲು ನಾವೂ ಪ್ಯಾರು ಸಾಬರನ್ನೇ ಕರೆಯುತ್ತೇವಲ್ಲ?

ಹಸಿವಾಗಿತ್ತು, ಕುರಿ ಸ್ಟೇಕ್ ತರಿಸಿದೆ. ಕಾದ ಕಬ್ಬಿಣದ ತಟ್ಟೆಯಲ್ಲಿ ಅಂಗೈಯಗಲದ ಒಂದೇ ತುಂಡು, ಮೇಲೆ ತೆಂಗಿನಹಾಲು ಬೆರೆಸಿದ ಕಡಲೆಕಾಯಿ ಗೊಜ್ಜು. ಕೊಯ್ದರೆ ಒಳಗೆ ಕೆಂಪು! “ಬೆಂದಿಲ್ಲ, ಇನ್ನೆರಡು ವಿಸಿಲ್ ಕೂಗಿಸ್ರಪ್ಪಾ” ಎಂದು ವಾಪಸು ಕಳಿಸಿದೆ. ತಟ್ಟೆ ಹಿಡಿದು ಹರಿತಾಳೇ ಹೊರಬಂದಳು.

“ಅಪ್ಪಾ, ನೀನಾ! ಇದು ಹಿಂಗೇ ಇರ್ಬೇಕು ಕಣಪ್ಪ. ಒಂದು ತುಂಡು ತಿಂದು ಆಮೇಲೆ ಬೈಯಿ.”

ತಿಂದೆ. ಬೈಯುವ ಬದಲು ಗೊಜ್ಜಿಗೆ ಏನೇನು ಹಾಕಿದೆ ಎಂದು ಕೇಳುತ್ತಾ ಕೂತೆ. ಹೇಳುವಾಗ ಅವಳ ಮುಖ ನೋಡಬೇಕಿತ್ತು ಅಕ್ಕಾ. ಕೆಲಸ ಬಿಡು ಎನ್ನಲು ನನ್ನಿಂದಾಗಲಿಲ್ಲ.

ಬರುವ ಭಾನುವಾರ ಮುರಳಿಯನ್ನು ಕರೆದುಕೊಂಡು ಬಾ, ಅದೇ ಹೋಟೆಲಿನಲ್ಲಿ ಮೂವರಿಗೆ ಟೇಬಲ್ ಹೇಳಿದ್ದೇನೆ. ಉಂಡ ಮೇಲೂ ಬೇಡವೆನಿಸಿದರೆ ಬೇರೆ ಸೊಸೆ ನೋಡು. ಆ ಮದುವೆಗೂ ಸೋದರಮಾವನಾಗಿ ನಾನೇ ಮುಂದೆ ನಿಲ್ಲುತ್ತೇನೆ.

ನಿನ್ನ ತಮ್ಮ,
ತಿರುಮಲೇಶ್